ಕರ್ಲು

ಎಣ್ಣೆ ಮಿಲ್ಲಿನಲ್ಲಿ ತೂಕ ಬರೆಯುವವಳು ನಾನು.
ಶೇಂಗಾ ಚೀಲ ಕಾಟಾ ಏರಿದರೆ, ಮುಳ್ಳು ನಿಲ್ಲುವವರೆಗೆ
ಉಸಿರು ಬಿಗಿಹಿಡಿದು ಅಭ್ಯಾಸ.
ಅದಕ್ಕೇ ಇರಬೇಕು, ಮನೆ ಕಟ್ಟುವಾಗಲೂ
ಯಾರ ಮಾತನ್ನೂ ತೂಗದೆ ಒಳಗೆ ಬಿಟ್ಟುಕೊಳ್ಳಲಿಲ್ಲ.

ಇಪ್ಪತ್ತು ಮೂವತ್ತರ ಸೈಟು, ಚಳ್ಳಕೆರೆಯ ಅಂಚಿನಲ್ಲಿ,
ಮೂರು ಕಡೆ ಜಾಲಿ, ಒಂದು ಕಡೆ ಪಾವಗಡದ ರಸ್ತೆ.

ರಾತ್ರಿ ಊಟವಾದ ಮೇಲೆ ಫೋನನ್ನು ಗೋಡೆಗೆ ಒರಗಿಸಿ ಕೇಳುತ್ತಿದ್ದೆ.
ಅದರೊಳಗೆ ಯಾರ್ಯಾರೋ ಎಲ್ಲೆಲ್ಲೋ ಕಟ್ಟಿದ
ಮನೆಗಳ ವಿಡಿಯೊ, ಲಕ್ಷ ಗಂಟೆಗಳಷ್ಟಂತೆ;
ಎಲ್ಲವನ್ನೂ ಒಂದು ಯಂತ್ರಬುದ್ಧಿ ನೋಡಿ ಮುಗಿಸಿ
ನನಗಾಗಿ ಎದ್ದು ಕೂತಿದೆ.
ಪಾಯ ಎಷ್ಟು ಆಳ ಎಂದರೆ
ಗುಜರಾತಿನ ಒಬ್ಬ ಮುದುಕ, ಹನ್ನೆರಡನೇ ನಿಮಿಷ, ನಾಲ್ಕನೇ ಸೆಕೆಂಡು:
ಗುದ್ದಲಿ ಎತ್ತಿದ್ದು, ಇಳಿದದ್ದು, ಟಣ್ ಎಂದದ್ದು.
ಅದಕ್ಕೂ ಮುಂಚೆ ಏನು ಮಾತಾಡಿದನೋ,
ಚಹಾ ಕುಡಿದನೋ, ಯಾರನ್ನು ನೆನೆದನೋ,
ನಾನು ಕೇಳಲಿಲ್ಲ, ಅದು ತೋರಿಸಲಿಲ್ಲ.

ಬೆಳಿಗ್ಗೆ ಮೇಸ್ತ್ರಿ ಪಾಲಯ್ಯನಿಗೆ ವರದಿ.
"ಇಟ್ಟಿಗೆ ನೆನೆಸಿಲ್ಲ ನೀನು" ಎಂದೆ ಒಂದು ದಿನ.
"ಯಾವನು ಹೇಳಿದ?"
"ಕೇರಳದವನು. ಏಳನೇ ನಿಮಿಷ."
ಪಾಲಯ್ಯ ಒಂದು ಹಿಡಿ ಮರಳು ತಗೊಂಡು, ಕಿವಿಯ ಹತ್ತಿರ ಉಜ್ಜಿ,
"ಈ ಸದ್ದು ಎಷ್ಟನೇ ನಿಮಿಷದಾಗೈತೆ ಕೇಳಮ್ಮ" ಎಂದ.
ಆದರೂ ಇಟ್ಟಿಗೆ ನೆನೆಸಿದ.
ಟ್ಯಾಂಕರಿನ ಲೆಕ್ಕ ನನ್ನ ತಲೆಗೆ.

ಮುಂದಿನ ಕೋಣೆಗೆ ಆರ್‌ಸಿಸಿ ಹಾಕುವಷ್ಟರಲ್ಲಿ
ಸೊಸೈಟಿ ಸಾಲ, ಚೀಟಿ ದುಡ್ಡು, ಎರಡು ಬಳೆ ಮುಗಿದವು.
ಹಿಂದಿನ ಕೋಣೆ ಆಕಾಶ ನೋಡುತ್ತ ನಿಂತಿತು.
ಶೀಟು ಬೇಡ. ಹದಿನಾಲ್ಕು ಬೇಸಿಗೆ ಶೀಟಿನ ಕೆಳಗೆ
ಬಾಡಿಗೆ ಕೊಟ್ಟು ಬೆಂದಿದ್ದೇನೆ.
"ಮಾಳಿಗೆ ಹಾಕಣ" ಅಂದದ್ದು ಪಾಲಯ್ಯನೇ.
ಜಂತೆಯ ಮೇಲೆ ಕಡ್ಡಿ, ಕಡ್ಡಿಯ ಮೇಲೆ ಬಂದ್ರೆ ಸೊಪ್ಪು, ಮಣ್ಣು,
ಎಲ್ಲದರ ಮೇಲೆ ಕರ್ಲು.
ಎಷ್ಟು ದಪ್ಪ, ಯಾವಾಗ ಎಂದರೆ ತಲೆ ಕೆರೆದ.
ಅಪ್ಪ ಹಾಕುತ್ತಿದ್ದ, ತಾನು ಬುಟ್ಟಿ ಕೊಡುತ್ತಿದ್ದ, ಅಷ್ಟೇ.
"ನಿನ್ನ ಫೋನಿಗೇ ಕೇಳು."

ಕರ್ಲು, ಎಂದೆ.
ಕರುಳು, ಎಂದು ಕೇಳಿಸಿಕೊಂಡಿತು.
ಬಿಳಿ ಕೋಟಿನ ಡಾಕ್ಟರೊಬ್ಬರು, ಮೂರನೇ ನಿಮಿಷ,
ಬೆಳಿಗ್ಗೆ ಬಿಸಿನೀರು ಕುಡಿಯಿರಿ ಎಂದರು.
ಕರ್ಲು ಮಣ್ಣು, ಎಂದು ಬಿಡಿಸಿ ಹೇಳಿದೆ.
ಮಕ್ಕಳು ಮಣ್ಣು ತಿಂದರೆ ಏನು ಮಾಡಬೇಕು, ಆರನೇ ನಿಮಿಷ.
ಮಾಳಿಗೆ ಎಂದರೆ ಬಾಡಿಗೆಗಿರುವ ಮಳಿಗೆಗಳು.
ಪಾಲಯ್ಯ ನಕ್ಕು ಮುಗಿಸುವಷ್ಟರಲ್ಲಿ
ಕಲಸಿದ ಗಾರೆ ಗಟ್ಟಿಯಾಗಿತ್ತು.

ಲಕ್ಷ ಗಂಟೆ. ಅದರಲ್ಲಿ ನಮ್ಮ ತಲೆಯ ಮೇಲಿದ್ದ ಮಣ್ಣು ಇಲ್ಲ.
ಯಂತ್ರವನ್ನು ಬೈಯಲು ಹೋಗಿ ಸುಮ್ಮನಾದೆ.
ಕಾಟಾಕ್ಕೆ ಬಾರದ ಚೀಲವನ್ನು
ನಾನಾದರೂ ಹೇಗೆ ಬರೆದುಕೊಳ್ಳಲಿ?

ದೊಡ್ಡುಳ್ಳಾರ್ತಿಯ ಸೂರಮ್ಮನನ್ನು ಪಾಲಯ್ಯ ಬೈಕಿನಲ್ಲಿ ಕರೆತಂದ.
ಹಳ್ಳದ ದಂಡೆಯಲ್ಲಿ ಬೆಳ್ಳಗೆ ಉಪ್ಪೆದ್ದ ನೆಲ;
ಬೆರಳಿಂದ ಗೀರಿ, ನಾಲಿಗೆಗಿಟ್ಟು, ಉಗಿದು
"ಇದಲ್ಲ" ಎಂದಳು. ಮತ್ತೆ ಹತ್ತು ಮಾರು ನಡೆದು
"ಇದು."
ನಾನು ಫೋನು ಹಿಡಿದು ಹಿಂದೆ ಹಿಂದೆ.
"ಎಷ್ಟು ದಪ್ಪ ಅಜ್ಜಿ?"
ಗೇಣು ತೋರಿಸಿದಳು, ಅನುಮಾನಿಸಿ ಎರಡು ಬೆರಳು ಮಡಚಿದಳು.
"ಇರುವೆ ಮೊಟ್ಟೆ ಹೊತ್ತು ಹೊಂಟಾಗ ಹಾಕು.
ಮೊದಲ ಮಳಿಗೆ ಸೋರ್ತತೆ.
ಎರಡನೇದಕ್ಕೆ ತಾನೇ ಕೂಡ್ಕಂತತೆ. ಹೆದರಬ್ಯಾಡ."
ಆಮೇಲೆ ನನ್ನ ಕೈಯತ್ತ ತಿರುಗಿ "ಆತಾ?" ಎಂದಳು.
ಆಗಿರಲಿಲ್ಲ, ಇನ್ನೂ ಓಡುತ್ತಿತ್ತು;
ನಾಲ್ಕು ನಿಮಿಷವೂ ಗಾಳಿಯ ಸದ್ದೇ ಹೆಚ್ಚು.

ಹೆಸರಿನ ಜಾಗದಲ್ಲಿ ಬರೆದೆ: ಕರ್ಲು.
ಕರುಳಲ್ಲ, ಎಂದೂ ಸೇರಿಸಿ ಕಳಿಸಿದೆ.

ಮೊದಲ ಮಳೆಯ ರಾತ್ರಿ ಹಿಂದಿನ ಕೋಣೆಯಲ್ಲಿ ಕೂತೆ.
ಮೂರು ಕಡೆ ಸೋರಿತು.
ಬಕೆಟ್ಟು, ಬೋಗುಣಿ, ಮಗಳ ಟಿಫನ್ ಡಬ್ಬಿ.
ಸುಮ್ಮನೆ ಫೋನಿಗೆ ಕೇಳಿದೆ: ಕರ್ಲು ಸೋರಿದರೆ?
ಸೂರಮ್ಮ ಬಂದಳು, ಮೂರನೇ ನಿಮಿಷ, ಹತ್ತನೇ ಸೆಕೆಂಡು,
ಸೆರಗು ಹಾರುತ್ತ, ಎರಡು ಬೆರಳು ಮಡಚಿಕೊಂಡೇ.
"ಹೆದರಬ್ಯಾಡ" ಎಂದಳು.
ತೂಕದವಳು ನಾನು, ಪೂರ್ತಿ ನಂಬಲಿಲ್ಲ.
ಎರಡನೇ ಮಳೆಗೆ ಕಾಯುತ್ತಿದ್ದೇನೆ.