ಕೆಂಪು ಮುಳ್ಳು

ಇಪ್ಪತ್ತೆಂಟು ದಿನ ನೀರಲ್ಲಿ ಮುಳುಗಿದ್ದು
ಇವತ್ತು ಮೇಲೆ ಬಂತು, ಹಾರವಾಡದ ಟ್ಯಾಂಕಿನ ಕ್ಯೂಬು.
ಗೋಣಿತಾಟಿನಿಂದ ಒರೆಸಿದೆ. ಮಗುವಿನ ತಲೆ ಒರೆಸಿದ ಹಾಗೆ
ಅನ್ನಬಹುದಿತ್ತು; ಹಾಗೇನಿಲ್ಲ,
ನೀರು ಉಳಿದರೆ ತೂಕ ತಪ್ಪುತ್ತದೆ, ಅಷ್ಟೇ.
ಎಂಟು ಕಿಲೋ ನೂರು ಗ್ರಾಂ.
ಮೈಮೇಲೆ ಪೆನ್ಸಿಲ್ಲಿನಲ್ಲಿ ತಾರೀಖು, ನಂಬರು,
ಯಾರದೋ ಅವಸರದ ಸಹಿ.

ಕೋಡಿಬಾಗದ ಈ ಲ್ಯಾಬಿನಲ್ಲಿ ನನಗೆ ಹತ್ತೊಂಬತ್ತು ವರ್ಷ.
ಒಡೆಯುವುದೇ ಕೆಲಸ.
ಬೈತಖೋಲದ ಜಗಲಿಯಲ್ಲಿ ಬಳಚು ಬಿಡಿಸುತ್ತ ಆಯಿ ಕೇಳುತ್ತಿದ್ದಳು:
"ಒಡೆಯೋದಕ್ಕೂ ಸರಕಾರ ಪಗಾರ ಕೊಡ್ತದಾ ಶೆವಂತಿ?"
ಕೊಡ್ತದೆ ಆಯಿ.
ಒಡೆದದ್ದನ್ನು ಬರೆದಿಡೋದಕ್ಕೆ ಕೊಡ್ತದೆ.

ಎರಡು ಉಕ್ಕಿನ ತಟ್ಟೆಗಳ ನಡುವೆ ಇಟ್ಟೆ. ಪಂಪು ಗುಂಯ್ ಅಂದಿತು.
ಕರಿ ಮುಳ್ಳು ಕೆಂಪು ಮುಳ್ಳನ್ನು ದೂಡುತ್ತ ಹತ್ತಿತು:
ನೂರು, ನೂರೈವತ್ತು.
ಕ್ಯೂಬು ಸುಮ್ಮನಿದೆ.
ಹೊಸಬರು ಮೋಸಹೋಗುವುದು ಇಲ್ಲೇ,
ಸುಮ್ಮನಿದ್ದದ್ದನ್ನು ತಾಳಿಕೊಂಡದ್ದು ಅಂದುಕೊಳ್ಳುತ್ತಾರೆ.
ನಾನು ಕಿವಿ ಕೊಡುತ್ತೇನೆ.
ಟಿಕ್.
ಬಹಳ ಹೊತ್ತಿನ ಮೇಲೆ ಇನ್ನೊಂದು, ಟಿಕ್,
ಒಲೆ ಆರಿದ ಮೇಲೆ ಕಾವಲಿ ತಣಿಯುವಾಗಿನ ಸದ್ದು.
ಒಳಗೆಲ್ಲೋ ಜಲ್ಲಿಯ ಮಗ್ಗುಲಲ್ಲಿ
ಕೂದಲಿಗಿಂತ ಸಪೂರದ ಬಿರುಕೊಂದು
ಕಣ್ಣು ಬಿಟ್ಟಿತು.

ಇನಾಸ್ ಸರ್ ಹೇಳಿಕೊಟ್ಟದ್ದು, ಕೆಲಸಕ್ಕೆ ಸೇರಿದ ಮೊದಲ ವಾರ:
"ಭಾರ ಬರೋದು ಮೇಲಿಂದ. ಕಲ್ಲು ಸಾಯೋದು ಮಗ್ಗುಲಿಂದ.
ಒತ್ತಿದರೆ ಪಕ್ಕಕ್ಕೆ ಹಿಗ್ಗಬೇಕು ನೋಡು,
ಹಿಗ್ಗೋದು ಅದಕ್ಕೆ ಗೊತ್ತಿಲ್ಲ."
ಆಮೇಲೆ ಮೇಜಿನ ಮೇಲಿನ ಕ್ಯೂಬಿಗೆ ಎರಡೂ ಬದಿ ಅಂಗೈ ಕೊಟ್ಟು,
"ಸುತ್ತ ಯಾರಾದರೂ ಹೀಗೆ ಬಿಗಿಯಾಗಿ ಹಿಡಿದರೆ
ಮೂರು ಪಟ್ಟು ಹೊರ್ತದೆ. ನಾಲ್ಕು ಪಟ್ಟೂ.
ಬರೀ ಹಿಡಿದರೆ ಸಾಕು."
ಅವರ ಹೆಂಡತಿ ತೀರಿ ಆಗ ಎರಡು ತಿಂಗಳು.
ಕೈ ತೆಗೆಯಲು ಸ್ವಲ್ಪ ತಡವಾಯಿತು ಅವರಿಗೆ.

ಇನ್ನೂರ ಎಂಬತ್ತು.
ಈಗ ಬಿರುಕು ಹೊರಗೆ ಬಂದಿವೆ,
ಅಡ್ಡ ಅಲ್ಲ, ಭಾರ ಬಂದ ದಾರಿ ಹಿಡಿದೇ,
ಮೇಲಿಂದ ಕೆಳಗೆ, ಒಂದರ ಪಕ್ಕ ಒಂದು,
ಕಾಳಿಯ ಅಳಿವೆಯಲ್ಲಿ ನೆಟ್ಟ ಬಲೆಗೂಟಗಳ ಹಾಗೆ.

ಮುನ್ನೂರ ಹತ್ತು.
ಠಪ್.
ಚಕ್ಕೆ ಹಾರಿ ಜಾಲರಿಗೆ ಬಡಿಯಿತು.
ಕರಿ ಮುಳ್ಳು ನಾಚಿಕೆಯಿಲ್ಲದೆ ಸೊನ್ನೆಗೆ ಓಡಿತು.
ಕೆಂಪು ಮುಳ್ಳು ಅಲ್ಲೇ ನಿಂತಿತು,
ಐನೂರ ಅರವತ್ತೆರಡು ಬರಬೇಕಾದಲ್ಲಿ, ಮುನ್ನೂರ ಹತ್ತರಲ್ಲಿ.

ಬದಿ ಉದುರಿ ಉಳಿದದ್ದು ಡಮರುಗ.
ನಡು ಸಣ್ಣ, ಮೇಲೆ ಕೆಳಗೆ ಅಗಲ:
ತಟ್ಟೆಗಳು ಕಚ್ಚಿ ಹಿಡಿದ ತುದಿಗಳಷ್ಟೇ ಉಳಿದವು.
ಸೊಂಟದಲ್ಲಿ ಬೆರಳಾಡಿಸಿದೆ. ಪುಡಿ.
ನಾಲಿಗೆಗೆ ಹಚ್ಚಿದೆ. ಉಪ್ಪು.
ಮತ್ತೆ, ಗಾರೆಯೊಳಗೆ ಅಂಗಾತ ಮಲಗಿದ
ಒಂದು ಬಳಚಿನ ಚಿಪ್ಪು,
ಉಗುರಿನಷ್ಟು, ನೇರಳೆ ಗೀರುಗಳ ಸಮೇತ.
ಮೂವತ್ತೊಂದು ಟನ್ನು ದಾಟಿ ಬಂದಿದೆ, ಒಂದು ಮುಕ್ಕಿಲ್ಲ.
ಬಿಲ್ಲಿನಲ್ಲಿ ಇರುವುದು ಗಂಗಾವಳಿಯ ಸಿಹಿನೀರ ಮರಳು.

ಗುತ್ತಿಗೆದಾರರ ಹುಡುಗ ಬಾಗಿಲಲ್ಲಿ, ಕಂಕುಳಲ್ಲಿ ಹೆಲ್ಮೆಟ್ಟು.
"ಮಷಿನ್ನು ಹಳೇದಲ್ವಾ ಮೇಡಂ?"
"ಹಳೇದೇ."
"ಇನ್ನೊಂದು ಕ್ಯೂಬ್ ತಂದೀನಿ, ಗಟ್ಟಿ ಅದೆ.
ಅದನ್ನೇ ಬರಕೊಂಡ್ರೆ ಇವತ್ತೇ ಮುಗೀತದೆ."
ಬೆಳಿಗ್ಗೆ ಮೇಲಿನವರ ಫೋನು ಎರಡು ಸಲ ಬಂದಿತ್ತು.
ಇನಾಸ್ ಸರ್ ರಿಟೈರಾಗಿ ಆರು ವರ್ಷ.
ಪಕ್ಕದಲ್ಲಿ ಗೋಡೆಯಿತ್ತು, ಅದಕ್ಕೆ ಭುಜ ಕೊಟ್ಟೆ.
ಹುಡುಗ ಪಾಪ, ಇಪ್ಪತ್ತರ ಆಸುಪಾಸು,
ನೀರು ಬೇಕಾ ಅಂತ ಕೇಳಿದ.

ಕೆಂಪು ಮುಳ್ಳು ತಾನಾಗಿ ಹಿಂದೆ ಬರುವುದಿಲ್ಲ.
ಗಾಜಿನ ನಡುವಿನ ಗುಂಡಿಯನ್ನು ಯಾರಾದರೂ ತಿರುಗಿಸಬೇಕು.

ಫ್ಯಾನಿಗೆ ಹಾಳೆ ಹಾರುತ್ತಿತ್ತು.
ಚಿಪ್ಪನ್ನು ರಿಜಿಸ್ಟರಿನ ಮೂಲೆಗೆ ಇಟ್ಟೆ.
ಮೂರು ಬರೆದೆ. ಒಂದು ಬರೆದೆ.
ಸೊನ್ನೆ ಮಾತ್ರ
ಗೆರೆಮನೆ ದಾಟಿ ಸ್ವಲ್ಪ ಅಗಲವಾಯಿತು.