ಉತ್ತರಕ್ಕೆ

ಸೊರಬದ ಸಬ್‌ರಿಜಿಸ್ಟ್ರಾರ್ ಕಚೇರಿ ಎದುರು
ಜೆರಾಕ್ಸ್ ಅಂಗಡಿಯ ಪಕ್ಕದ ಹಲಗೆಬೆಂಚಿನ ಮೇಲೆ
ಜುಬೇದಾ ಕ್ರಯಪತ್ರ ಕುಟ್ಟುತ್ತಿದ್ದಳು:
ಪೂರ್ವಕ್ಕೆ ಹುಚ್ಚಪ್ಪನವರ ಗದ್ದೆ,
ಪಶ್ಚಿಮಕ್ಕೆ ಸರ್ಕಾರಿ ಹಳ್ಳ,
ದಕ್ಷಿಣಕ್ಕೆ ಬಂಡಿದಾರಿ,
ಉತ್ತರಕ್ಕೆ

ಪರದೆ ಕಪ್ಪಾಯಿತು.
ಕಪ್ಪಿನೊಳಗೆ ಅವಳ ಮುಖ, ಮುಖದ ಹಿಂದೆ ನಾನು,
ನನ್ನ ಹಿಂದೆ ಟೋಕನ್ ಹಿಡಿದು ನಿಂತ ಎಂಟು ಜನ.

ಎಚ್ಚರಿಕೆ ಕೊಟ್ಟಿರಲಿಲ್ಲವೇ?
ಕೊಟ್ಟಿತ್ತು. ಬರೆದವಳು ನಾನೇ.
ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಕನ್ನಡಕದಂಗಡಿ ಮೇಲಿನ ಕೋಣೆಯಲ್ಲಿ,
ಚಾರ್ಜರ್ ಎಂದೂ ಬಿಚ್ಚದ ಲ್ಯಾಪ್‌ಟಾಪಿನ ಮುಂದೆ ಕೂತು
'ಬ್ಯಾಟರಿ ಮಟ್ಟವು ನಿಗದಿತ ಮಿತಿಗಿಂತ ಕೆಳಗಿಳಿದಿದೆ'
ಎಂದು ಬರೆದು, ಒತ್ತಕ್ಷರ ತಿದ್ದಿ,
ಹೆಮ್ಮೆಯಲ್ಲಿ ಒಂದು ಕಾಫಿ ಹೆಚ್ಚಿಗೆ ಕುಡಿದಿದ್ದೆ.

ಅದು ಬಂದು ಕೂತದ್ದು ಬಂಡಿದಾರಿಯ ಮೇಲೇ.
ಜುಬೇದಾಳ ಕಣ್ಣು ಕೈಬರಹದ ಹಾಳೆಯಲ್ಲಿ, ಬೆರಳು ಕೀಲಿಗಳಲ್ಲಿ.
ಸಾಲು ಮುಗಿಸಿ ಎಂಟರ್ ಹೊಡೆದಳು.
ಎಂಟರ್ ಅಂದರೆ ಅವಳಿಗೆ ಮುಂದಿನ ಸಾಲು,
ನನ್ನ ಪೆಟ್ಟಿಗೆಗೆ: ಸರಿ, ತಿಳಿಯಿತು.
ಓದದೆಯೇ ತಿಳಿಯಿತು ಅಂದುಬಿಟ್ಟಿದ್ದಳು,
ಸಭೆಯ ನಡಾವಳಿಗೆ ಹೆಬ್ಬೆಟ್ಟು ಒತ್ತಿದ ಹಾಗೆ.

ಮೂಲೆಯಲ್ಲಿ ಕೆಂಪು ಗುರುತೂ ಇತ್ತಲ್ಲ, ಅಂದೆ.
ಪತ್ರಬರಹಗಾರ ಗುತ್ಯಪ್ಪನವರು ಕನ್ನಡಕ ಎತ್ತಿ ನೋಡಿದರು:
"ಯಾವ್ದವ್ವ ಕೆಂಪು?
ನಂಗೆ ಕೆಂಪೂ ಹಸುರೂ ಒಂದೇ.
ಮೆಣಸು ಹಣ್ಣೋ ಕಾಯೋ, ಮನೇಲಿ ಕೇಳೇ ಹೇಳೋದು."

ಬೇರೆ ಮಾತು ಹುಡುಕುತ್ತ ಮೂರು ದಿನ ಆ ಬೆಂಚಿಗೇ ಬಂದೆ.
ಹತ್ತು ಪರ್ಸೆಂಟ್ ಅಂತ ಬಂದರೆ ಏನನ್ನಿಸುತ್ತೆ?
"ಬಡ್ಡೀನಾ?" ಅಂದರು ಸಾಲಿನಲ್ಲಿದ್ದ ಒಬ್ಬರು.
ಜುಬೇದಾ ತಲೆ ಎತ್ತದೆ ಹೇಳಿದಳು:
"ಎಷ್ಟು ಉಳಿದಿದೆ ಅನ್ನೋದು ಅದರ ಚಿಂತೆ.
ನಂಗೆ ಬೇಕಿರೋದು, ಈ ಪುಟ ಮುಗಿಯುತ್ತಾ,
ಇಲ್ಲಾ ಈಗಲೇ ಬೇಕರಿಯವನ ಪ್ಲಗ್ಗಿಗೆ ಓಡ್ಲಾ?"

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಸಾಗರದ ಕೊನೇ ಬಸ್ಸು.
ಕಂಡಕ್ಟರ್ ಮೊದಲು ಟೀ ಅಂಗಡಿಗೆ ಇಣುಕಿದ, ಮೆಲ್ಲಗೆ ಒಂದು ಮಾತು.
ಲೋಟ ಖಾಲಿಯಾಗುವಷ್ಟು ಹೊತ್ತು ಬಿಟ್ಟು
ಬಾಗಿಲಲ್ಲಿ ನಿಂತು ಊರಿನ ಹೆಸರು ಕೂಗಿದ.
ಆಮೇಲೆ ತಗಡಿಗೆ ಎರಡು ತಟ್ಟು.
ಅಷ್ಟರಲ್ಲಿ ಎಲ್ಲರೂ ಒಳಗಿದ್ದರು.
ಡೀಸೆಲ್ ಎಷ್ಟಿದೆ ಅಂತ ಅವನು ಒಮ್ಮೆಯೂ ಹೇಳಲಿಲ್ಲ.

ರಾತ್ರಿ ಪೆಟ್ಟಿಗೆ ಕಿತ್ತು ಹಾಕಿದೆ.
ಪರದೆಯ ತುದಿಗೆ ಒಂದು ಪಟ್ಟಿ, ಅಕ್ಷರ ಮುಚ್ಚದ ಹಾಗೆ,
ಎಂಟರಿಗೆ ಜಗ್ಗದ ಹಾಗೆ, ಅದರಲ್ಲಿ ದಪ್ಪ ಅಕ್ಷರ:
ನೀವು ಬರೆದಿದ್ದನ್ನು ಉಳಿಸಿದೆ.
ಇನ್ನು ಹನ್ನೆರಡು ನಿಮಿಷ. ಚಾರ್ಜರ್ ಹಾಕಿ.

ಹನ್ನೆರಡು ಅಂದದ್ದು ಏಳಕ್ಕೇ ಆರಿಹೋಯಿತು.
ಮುದಿ ಬ್ಯಾಟರಿ, ತನ್ನ ಲೆಕ್ಕ ತನಗೇ ಸಿಗದು.
ಬರೆದದ್ದು ಉಳಿದಿತ್ತು,
ನನ್ನ ಮಾತು ಉಳಿಯಲಿಲ್ಲ.

"ಗೊತ್ತಿಲ್ದೇ ಇದ್ದಿದ್ದನ್ನ ಗೊತ್ತು ಅನ್ಬಾರ್ದು," ಗುತ್ಯಪ್ಪನವರು
ಶಾಯಿ ಮೆತ್ತಿದ ಬೆರಳು ಕೂದಲಿಗೆ ಒರೆಸಿಕೊಂಡರು.
"ಪತ್ರದಲ್ಲಿ ನಾವು ಹೆಂಗೆ ಬರೀತೀವಿ?
ಅಜಮಾಸು ಇಪ್ಪತ್ತು ಗುಂಟೆ.
ಆ ಅಜಮಾಸು ಬಿಟ್ಟುಹೋದ ದಿನ
ಎರಡು ಮನೆ ಕೋರ್ಟಿಗೆ."

ಈಗ ಅಲ್ಲಿರುವುದು: ಅಜಮಾಸು ಹತ್ತು ನಿಮಿಷ.
ಆಫೀಸಿನಿಂದ ಕಾಗದ ಬಂದಿದೆ,
ಇದು ಯಾವ ಕಾಲದ ಪದ, ಬದಲಿಸಬಹುದೇ ಅಂತ.
ಇನ್ನೂ ಬರೆದಿಲ್ಲ ಉತ್ತರ.

ಆವತ್ತಿನ ಪತ್ರದಲ್ಲಿ ಉತ್ತರಕ್ಕೆ ಏನಿತ್ತು?
ಮೊನ್ನೆ ನೆನಪಾಗಿ ಕೇಳಿದೆ.
"ಮಾರಿದವರದೇ ಉಳಿಕೆ ಜಮೀನು," ಅಂದಳು.
ಎಷ್ಟು ಉಳಿದಿದೆ?
"ಅದನ್ನ ಯಾರೂ ಬರೆಸಲ್ಲ."
ಎಂಟರ್ ಹೊಡೆದು ಆಗಲೇ ಮುಂದಿನ ಸಾಲಿನಲ್ಲಿದ್ದಳು ಜುಬೇದಾ,
ತುದಿಯ ಪಟ್ಟಿ ಹಾಗೇ ಇತ್ತು.
ನೋಡಿದಳು.
ಒಂದು ಕೈಯಲ್ಲಿ ಟೈಪು ಮಾಡುತ್ತಲೇ
ಇನ್ನೊಂದರಲ್ಲಿ ವೈರು ಬಿಡಿಸತೊಡಗಿದಳು.