ಹಾಪ್ ಟಿಕೇಟು

ಮೂವತ್ತೊಂದು ವರ್ಷ ಕಾರವಾರ–ಅಂಕೋಲೆ ಬಸ್ಸಿನಲ್ಲಿ
ಟಿಕೇಟಿಲ್ಲದವರನ್ನು ಮೋರೆ ನೋಡಿಯೇ ಹಿಡಿದವನು ನಾನು.
ಈ ಬೆಕ್ಕಿನೆದುರು ಮಾತ್ರ ಸೋತೆ.

ಬೂದಿ ಬಣ್ಣ. ಎಡಗಿವಿ ಹರಿದಿದೆ. ಬಾಲ ಅರ್ಧ,
ಹಾಗಾಗಿ ನಾನಿಟ್ಟ ಹೆಸರು ಹಾಪ್ ಟಿಕೇಟು.
ಹಿಂದೆ ಇನ್ನೆರಡು, ಅದರ ಮಕ್ಕಳೋ ಮೊಮ್ಮಕ್ಕಳೋ,
ಪಾಸು ತೋರಿಸದೆ ನುಗ್ಗುವ ಕಾಲೇಜು ಹುಡುಗರ ಹಾಗೆ.

ತೋಡೂರಿನ ಈ ಕಾಲೊನಿಯ ನೆಲವೆಂದರೆ ಚಿರೇಕಲ್ಲು.
ಹರಿವೆ ಪಾತಿಗೆಂದು ಮಣ್ಣು ತರಿಸಿ, ಸಗಣಿ ಗೊಬ್ಬರ ಬೆರೆಸಿ,
ರೊಟ್ಟಿ ಹಿಟ್ಟಿನ ಹಾಗೆ ಜರಡಿ ಹಿಡಿದು ಮೆತ್ತಗೆ ಮಾಡಿದ್ದೆ.
ಮೆತ್ತಗಿದ್ದದ್ದೇ ತಪ್ಪು.
ಬೆಳಿಗ್ಗೆ ನೋಡಿದರೆ ಮೂರು ಗುಂಡಿ, ಮೂರು ಗುಡ್ಡೆ,
ಮುಚ್ಚಿಟ್ಟದ್ದು ಏನೆಂದು ಮೂಗೇ ಹೇಳುತ್ತದೆ.

ಮೊದಲು ಮೋಸಂಬಿ ಸಿಪ್ಪೆ.
ಜ್ಯೂಸಿನಂಗಡಿಯ ಗಫೂರ್ ಚೀಲ ತುಂಬ ಕೊಟ್ಟ, ಪುಕ್ಕಟೆ,
"ಬೆಕ್ಕಿಗೆ ಹುಳಿ ಆಗೂದಿಲ್ಲ" ಎಂದು ಧೈರ್ಯವನ್ನೂ ಕೊಟ್ಟ.
ಹಾಪ್ ಟಿಕೇಟು ಸಿಪ್ಪೆಯನ್ನು ಒಂದೊಂದಾಗಿ ಬದಿಗೆ ಸರಿಸಿ,
ಸೀಟಿನ ಮೇಲೆ ಯಾರೋ ಹಾಕಿಟ್ಟ ಕರ್ಚೀಪು ಎತ್ತಿ ಒಗೆದು
ಕೂರುವವರ ಹಾಗೆ, ಕೂತಿತು.
ಚಹಾದ ಚರಟಕ್ಕೆ ಇರುವೆ ಬಂತು.
ನೀಲಿ ಕದಡಿದ ನೀರಿನ ಬಾಟಲಿ ನಾಲ್ಕು ಮೂಲೆಗಿಟ್ಟೆ;
ಅದರಲ್ಲಿ ಮುಖ ನೋಡಿಕೊಂಡು ಮೀಸೆ ನೆಕ್ಕಿತು.
ಲಿಂಬೆಮುಳ್ಳು ಚುಚ್ಚಿದ್ದು ನನ್ನ ಕಾಲಿಗೇ.

ಪಕ್ಕದ ಶಾಲಿನಿ ತಾಂಡೇಲಳ ಅಂಗಳದಲ್ಲಿ
ಚಾಪೆ ತುಂಬ ಒಣಗುವ ತಾರ್ಲೆ, ಶೆಟ್ಲಿ.
ಜಗಳಕ್ಕೆಂದೇ ಹೋದೆ. ಅವಳೆಂದಳು:
"ಮೀನು ನನ್ನದು ಮಾರಾಯ್ರೆ. ಬೆಕ್ಕು ಯಾರದೂ ಅಲ್ಲ."
ನ್ಯಾಯವಾದ ಮಾತು. ಚಹಾ ಕುಡಿದು ಬಂದೆ.

ಕೊನೆಗೆ ಬೈತಖೋಲಕ್ಕೆ ಹೋಗಿ ಹರಿದ ಬಲೆ ತಂದೆ,
ಗೂಟ ಹೊಡೆದು, ಅಂಚಿಗೆ ಕಲ್ಲು ಹೇರಿ, ಸೊಂಟದೆತ್ತರ ಬೇಲಿ.
ಬೀಜ ಉದುರಿಸುವಾಗ ರೋಹಿಣಿ ಮೊದಲ ಸಲ ಬಾಯಿಬಿಟ್ಟಳು:
"ಇದು ಕೊನೇ ಹಿಡಿ. ಆಯಿಯ ಡಬ್ಬಿ ಖಾಲಿ."

ಆಯಿಯ ಡಬ್ಬಿ.
ಅರ್ಗಾದಿಂದ ನಮ್ಮನ್ನು ಎಬ್ಬಿಸಿದ ದಿನ
ಲಾರಿಗೆ ಮಂಚ ಹೇರಿದೆವು, ಒರಳು ಏಳಲಿಲ್ಲ.
ಆಯಿ ಸೆರಗಿಗೆ ಗಂಟು ಹಾಕಿಕೊಂಡದ್ದು ಕೆಂಪು ಹರಿವೆಯ ಬೀಜ.
ಅವಳ ಪಾತಿ ಇದ್ದಲ್ಲಿ ಈಗ ನೌಕಾನೆಲೆಯ ಗೋಡೆ,
ಗೋಡೆಯ ಮೇಲೆ ತಂತಿಯ ಸುರುಳಿ.
ದಿನಕ್ಕೆ ಎಂಟು ಸಲ ಅದರ ಬದಿಗೇ ಹಾದು ಹೋಗುತ್ತ
ಚಿಲ್ಲರೆ ಎಣಿಸಿದ್ದೇನೆ.
ಅಲ್ಲೊಂದು ಸ್ಟಾಪಿತ್ತು.
ಅದರ ಹೆಸರು ಕೂಗುವುದನ್ನು ಬಿಡಲು ವರ್ಷ ಹಿಡಿಯಿತು.

ಮೂರನೇ ರಾತ್ರಿ ಬಲೆಯಲ್ಲಿ ಒದ್ದಾಟ.
ಟಾರ್ಚು ಬಿಟ್ಟರೆ ಹಾಪ್ ಟಿಕೇಟು,
ಮೂರು ಕಾಲು ಮೂರು ಕಣ್ಣಿಯಲ್ಲಿ,
ಬೈಯುತ್ತಿತ್ತು. ಸರಿಯಾಗಿಯೇ ಬೈಯುತ್ತಿತ್ತು.
ನಾನು ಗೋಣಿ ಹಾಕಿ ಅದುಮಿದೆ, ರೋಹಿಣಿ ಕತ್ತರಿ ಹಿಡಿದಳು.
ಬಿಟ್ಟ ಕೂಡಲೆ ನನ್ನ ಮುಂಗೈಗೆ ನಾಲ್ಕು ಗೆರೆ ಎಳೆದು
ಸಂಜೆ ನೀರುಣಿಸಿದ ಪಾತಿಯ ನಟ್ಟನಡುವೆಯೇ ಓಡಿತು.
ಸರ್ಕಾರಿ ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವ ಹುಡುಗಿ
ಗುರುತು ಹಿಡಿದು ನಕ್ಕಳು: "ಚಿಲ್ಲರೆ ಕೊಡಿ ಚಿಲ್ಲರೆ."
ಕತ್ತರಿಸಿದ ತೂತನ್ನು ಯಾರೂ ಹೊಲಿಯಲಿಲ್ಲ.

ಹದಿನೈದು ದಿನವಾಯಿತು.
ಬೇಲಿಯೊಳಗೆ ನಾಲ್ಕೇ ಮೊಳಕೆ, ಅವೂ ಬಡಕಲು.
ಹೊರಗೆ, ಗಟಾರದ ಅಂಚಿಗೆ,
ಶಾಲಿನಿ ಬಟ್ಟೆ ಒಗೆಯುವ ಕಲ್ಲಿನ ಬುಡಕ್ಕೆ,
ಅಲ್ಲಿಂದ ಮೀನಿನ ಚಾಪೆಯ ತನಕ,
ಎರಡೆಲೆ, ಎರಡೆಲೆ, ಎರಡೆಲೆ,
ಕೆಂಪಗೆ,
ಒಂದು ಜಿಗಿತಕ್ಕೊಂದರಂತೆ.

ಶಾಲಿನಿ ಬೇಲಿಯಾಚೆಯಿಂದ ಕೇಳಿದಳು, "ಇದು ನಿಮ್ಮದಾ? ಕೀಳಲಾ?"
ರೋಹಿಣಿ ಉತ್ತರ ಕೊಡದೆ ತಂಬಿಗೆ ತುಂಬಿಕೊಂಡು ಆಚೆ ಹೋದಳು.
ಬೀಜಕ್ಕೆ ಬಿಡುವ ತನಕ ಕೊಯ್ಯಬಾರದಂತೆ. ಇಬ್ಬರೂ ಮಾತಾಡಿಕೊಂಡರು.

ಬಲೆ ಬಿಚ್ಚಬೇಕು. ನಾಳೆ.
ಈಗ ಆ ಬೋಳು ಪಾತಿಯಲ್ಲಿ ಹಾಪ್ ಟಿಕೇಟು ಮಲಗಿದೆ,
ಇಳಿಯುವ ಸ್ಟಾಪು ಇನ್ನೂ ದೂರವಿದ್ದವರ ಹಾಗೆ.